ಸ್ವಲ್ಪ ಸವರಿಬಿಡಿ

ಎಲ್ಲ ಅನಾಹುತಕ್ಕೂ ಕಾರಣ ಒಂದು ಕ್ರಿಯಾಪದ. ಅದು ಭಾನುವಾರ ಬೆಳಗ್ಗೆ, ತಿದ್ದಪ್ಪ ಹಲ್ಲುಜ್ಜುತ್ತಿದ್ದಾಗ, ಫೋನಿನಲ್ಲಿ ಬಂತು.

"ರೀ, ನಾನೂ ಅಮ್ಮನೂ ಬಸ್ಸು ಹತ್ತಿದ್ವಿ. ಸಂಜೆ ಹೊತ್ತಿಗೆ ಮನೇಲಿರ್ತೀವಿ. ಅಷ್ಟರೊಳಗೆ ಗುಲಾಬಿ ಗಿಡಾನ ಸ್ವಲ್ಪ ಸವರಿಬಿಡಬೇಕಂತೆ, ಅಮ್ಮ ಹೇಳ್ತಿದ್ದಾರೆ. ಮರೀಬೇಡಿ" ಎಂದಳು ಹೆಂಡತಿ. ಬಾಯಿ ತುಂಬ ನೊರೆ ಇದ್ದುದರಿಂದ ತಿದ್ದಪ್ಪ "ಹ್ಞೂಂ" ಎಂದಷ್ಟೇ ಹೇಳಿದ. ಕಂಡಕ್ಟರನ ಸೀಟಿ ಕೇಳಿಸಿತು, ಫೋನು ಕಟ್ಟಾಯಿತು.

ತಿದ್ದಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ಮಾಡಿ ಮಾಡಿ ಜೊತೆಯವರು ಇಟ್ಟದ್ದು. ಕ್ರಮೇಣ ಬೀದಿಯವರಿಗೂ ಅದೇ ಬಾಯಿಗೆ ಬಂತು. ಮದುವೆಯ ಕರೆಯೋಲೆ ಕೈಗೆ ಕೊಟ್ಟರೆ ವಧು ಯಾರು ವರ ಯಾರು ಎಂದು ನೋಡುವ ಮೊದಲೇ ಅವನ ಬೆರಳು ಒಂದು ಕೊಂಬು ತಪ್ಪಿದ್ದನ್ನು ಹಿಡಿದಿರುತ್ತಿತ್ತು. ಅಕ್ಷರದ ವಿಷಯದಲ್ಲಿ ಹುಲಿ, ಮಿಕ್ಕ ಎಲ್ಲ ವಿಷಯದಲ್ಲೂ ಇಲಿ.

ಅವನ ಮನೆಯ ಮುಂದಿನ ತೋಟ ಎಂದರೆ ಎರಡು ಚಾಪೆ ಹಾಸಿದರೆ ಮುಗಿದುಹೋಗುವಷ್ಟು ಮಣ್ಣು. ಅದರ ನಟ್ಟನಡುವೆ, ಕುತ್ತಿಗೆಯವರೆಗೂ ಹೂತಿಟ್ಟ ಮಣ್ಣಿನ ಕುಂಡದಲ್ಲಿ ಒಂದು ಪೊದೆ ಗುಲಾಬಿ. ಪಕ್ಕದ ಮನೆಯ ಮರದ ಬೇರು ಬಂದು ಕಾಟ ಕೊಟ್ಟೀತೆಂದು ಕುಂಡದ ಸಮೇತ ಹೂಳಿಸಿದ್ದು ಅತ್ತೆ. ಗಿಡ ತಂದುಕೊಟ್ಟದ್ದೂ ಅತ್ತೆಯೇ. ಮೊಣಕಾಲೆತ್ತರ, ದುಂಡು ಮೈ, ಮೈತುಂಬ ಗೊಂಚಲು ಗೊಂಚಲಾಗಿ ಗುಲಾಬಿ ಬಣ್ಣದ ಹೂ. "ಗುಲಾಬಿ ಬಣ್ಣದ ಗುಲಾಬಿ" ಎಂದು ಯಾರಾದರೂ ಬರೆದು ಕಳಿಸಿದರೆ ಒಂದು ಗುಲಾಬಿಯನ್ನು ಹೊಡೆದುಹಾಕುವುದು ತಿದ್ದಪ್ಪನ ವೃತ್ತಿಧರ್ಮ. ಆದರೆ ಈ ಗಿಡದ ಮುಂದೆ ನಿಂತಾಗ ಅವನಿಗೂ ಹಾಗೆಯೇ ಹೇಳಬೇಕು ಅನ್ನಿಸುತ್ತಿತ್ತು.

"ಇದಕ್ಕೆ ಹುಳ ಹತ್ತಲ್ಲ, ಗೊಬ್ಬರ ಕೇಳಲ್ಲ, ಬಾಡಿದ ಹೂವನ್ನೂ ತಾನೇ ಉದುರಿಸಿಕೊಳ್ಳುತ್ತೆ. ವರ್ಷಕ್ಕೊಂದು ಸಲ ಒಂದು ಸಣ್ಣ ಕೆಲಸ ಇದೆ, ಅದನ್ನ ಆ ಹೊತ್ತಿಗೆ ಹೇಳ್ತೀನಿ. ಮಿಕ್ಕ ಹಾಗೆ ನೀವು ಏನೂ ಮಾಡದೇ ಇದ್ರೆ ಸಾಕು ಅಳಿಯಂದಿರೇ. ನಿಮಗೆ ಅಂತಲೇ ಹುಡುಕಿ ತಂದೆ" ಎಂದಿದ್ದರು ಅತ್ತೆ. ತಿದ್ದಪ್ಪ ಏನೂ ಮಾಡಲಿಲ್ಲ. ಗಿಡ ದಿನದಿನಕ್ಕೆ ಬೆಳಗಿತು. ಜೀವಮಾನದಲ್ಲಿ ಅವನ ಕೈಯಿಂದ ಇಷ್ಟು ಚೆನ್ನಾಗಿ ಆದ ಕೆಲಸ ಇದೊಂದೇ.

ಈಗ ಅತ್ತೆಯ ವಿಷಯ. ಅವರು ನಿವೃತ್ತ ಹೊಲಿಗೆ ಟೀಚರು. ನೋಡಿದ್ದೆಲ್ಲವೂ ಅವರ ಕಣ್ಣಿಗೆ ಎಲ್ಲೋ ಒಂದು ಕಡೆ ಉದ್ದವಾಗಿ, ಇನ್ನೊಂದು ಕಡೆ ಸಡಿಲವಾಗಿ ಕಾಣುತ್ತಿತ್ತು. ಹಿಂದಿನ ಸಲ ಬಂದವರು ಮುಂದಿನ ಕೋಣೆಯಲ್ಲಿ ತಿದ್ದಪ್ಪ ಕರಡು ಹರಡಿಕೊಳ್ಳುವ ಮೇಜಿನ ಮೇಲೆ ಹೊಲಿಗೆ ಮೆಷಿನ್ನು ಕೂರಿಸಿ, ಅವನ ಪ್ಯಾಂಟುಗಳನ್ನೆಲ್ಲ "ಸರಿ" ಮಾಡಿ ಹೋಗಿದ್ದರು. ಅಂದಿನಿಂದ ತಿದ್ದಪ್ಪ ನಡೆದರೆ ಕಾಲುಚೀಲ ಪೂರ್ತಿ ಕಾಣುತ್ತದೆ, ಕೂತರೆ ಕಾಲೇ ಕಾಣುತ್ತದೆ. ಪ್ರೆಸ್ಸಿನಲ್ಲಿ ಅವನು ಬಂದಾಗಲೆಲ್ಲ "ನೆರೆ ಎಲ್ಲಿವರೆಗೆ ಬಂದಿದೆ?" ಎಂದು ಕೇಳುತ್ತಾರೆ. ಉಳಿದಿರುವುದು ಒಂದೇ ಒಂದು ಪೂರ್ತಿ ಅಳತೆಯ ಪ್ಯಾಂಟು. ಅದನ್ನು ಅತ್ತೆ ಇದ್ದಷ್ಟು ದಿನವೂ ಹಳೆಯ ಪತ್ರಿಕೆಗಳ ಕಟ್ಟಿನೊಳಗೆ ಬಚ್ಚಿಟ್ಟು ಉಳಿಸಿಕೊಂಡಿದ್ದ. ಇವತ್ತು ತೊಡಲು ಒಗೆದ ಬೇರೊಂದು ಇಲ್ಲದೆ ಅದೇ ಮೈಮೇಲಿತ್ತು.

ಈ ಸಲ ಬರುವ ಮೊದಲೇ ಅತ್ತೆ ಷರತ್ತು ಹಾಕಿದ್ದರು. ಗಿಡ ನೆಟ್ಟಗಿದ್ದರೆ ಒಂದು ರಾತ್ರಿ ಇದ್ದು ಬೆಳಗ್ಗೆ ಹೊರಡುವುದು. ನೆಟ್ಟಗಿಲ್ಲದಿದ್ದರೆ ಅದು ನೆಟ್ಟಗಾಗುವವರೆಗೂ ಇರುವುದು. ಆದ್ದರಿಂದ ತಿದ್ದಪ್ಪನ ಮೇಜು, ಪ್ಯಾಂಟು, ಮಾನ ಮೂರೂ ಆ ಪೊದೆಗೆ ಕಟ್ಟಿಹಾಕಲ್ಪಟ್ಟಿದ್ದವು.

ಸವರುವುದು ಎಂದರೇನು?

ಬಾಯಿ ಮುಕ್ಕಳಿಸಿ ಗಿಡದ ಮುಂದೆ ನಿಂತಾಗ ತಿದ್ದಪ್ಪನಿಗೆ ಈ ಪ್ರಶ್ನೆ ಬಂತು. ಹೆಂಡತಿಗೆ ಫೋನು ಮಾಡಿದ. ಸಿಗಲಿಲ್ಲ. ಒಳಗೆ ಹೋಗಿ ನಿಘಂಟು ತೆರೆದ. ಇಪ್ಪತ್ತು ವರ್ಷದಿಂದ ಕಷ್ಟಕ್ಕೆ ಆದ ನಿಘಂಟು ಅದು. ಸವರು: ಒಂದು, ಮೆಲ್ಲಗೆ ಕೈಯಾಡಿಸು, ನೇವರಿಸು. ಎರಡು, ಕೊಂಬೆ ರೆಂಬೆಗಳನ್ನು ಕತ್ತರಿಸಿ ತೆಗೆ. ತಿದ್ದಪ್ಪ ನಿಘಂಟನ್ನು ಮುಚ್ಚಿದ. ಮುದ್ದು ಮಾಡುವುದಕ್ಕೂ ಕಡಿದುಹಾಕುವುದಕ್ಕೂ ಒಂದೇ ಮಾತು ಇಟ್ಟ ಹಿರಿಯರ ಮೇಲೆ ಅವನಿಗೆ ಮೊದಲ ಸಲ ಸಿಟ್ಟು ಬಂತು.

ಬೀದಿಯಲ್ಲಿ ರಸ್ತೆ ಅಗೆದು ವಾರವಾಗಿತ್ತು. ಎಲೆಗಳ ಮೇಲೆ ಧೂಳಿತ್ತು. ಹಾಗಾದರೆ ನೇವರಿಸುವುದೇ ಇರಬೇಕು ಎಂದು ಧೈರ್ಯ ತಂದುಕೊಂಡು, ಒಂದು ಎಲೆಯನ್ನು ಹಿಡಿದು ಮೆಲ್ಲಗೆ ಬೆರಳಾಡಿಸಿದ.

"ಏನ್ರೀ ತಿದ್ದಪ್ಪ, ಗಿಡಕ್ಕೆ ಜ್ವರವಾ?" ಎಂದು ಮೋಟುಗೋಡೆಯಾಚೆಯಿಂದ ದನಿ ಬಂತು.

ಪಕ್ಕದ ಮನೆಯ ಸರ್ವೇಯರು. ನಿವೃತ್ತರಾದರೂ ಅಳೆಯುವುದನ್ನು ಬಿಟ್ಟವರಲ್ಲ. ಮೊಮ್ಮಗುವನ್ನು ಎತ್ತಿಕೊಂಡರೂ ಎರಡು ಇಂಚು ಬೆಳೆದಿದೆ ಎನ್ನುವ ಮನುಷ್ಯ.

"ಅತ್ತೆ ಗಿಡಾನ ಸ್ವಲ್ಪ ಸವರಿ ಅಂದಿದ್ದಾರಂತೆ ಸಾರ್."

"ಅದಕ್ಕೆ ಅದರ ಕೆನ್ನೆ ತಟ್ತಾ ಇದೀರಾ? ಸವರೋದು ಅಂದ್ರೆ ಕತ್ತರಿಸೋದು ಮಾರಾಯ್ರೆ. ಅಕ್ಷರ ಓದೋರಿಗೆ ಅಷ್ಟೂ ಗೊತ್ತಿಲ್ವಾ?"

ಆ ಕೊನೆಯ ಮಾತು ತಿದ್ದಪ್ಪನ ಮರ್ಮಕ್ಕೆ ತಗುಲಿತು. ಸರ್ವೇಯರು ಅಷ್ಟರಲ್ಲಿ ಗಿಡದ ಕತ್ತರಿ, ದಾರ ಮತ್ತು ಗಾರೆ ಕೆಲಸದವರ ರಸಮಟ್ಟ ಹಿಡಿದು ಗೇಟು ದಾಟಿ ಬಂದಿದ್ದರು. ಎರಡು ಕಡ್ಡಿ ನೆಟ್ಟು ದಾರ ಎಳೆದರು. ರಸಮಟ್ಟವನ್ನು ಗಿಡದ ನೆತ್ತಿಯ ಮೇಲಿಟ್ಟು ಒಳಗಿನ ಗುಳ್ಳೆ ನಡುವೆ ನಿಲ್ಲುತ್ತದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದರು. ಗುಳ್ಳೆ ಬಲಕ್ಕೆ ಓಡಿತು. ಬಲಗಡೆ ಕತ್ತರಿಸಿದರು. ಗುಳ್ಳೆ ಎಡಕ್ಕೆ ಓಡಿತು. ಎಡಗಡೆ ಕತ್ತರಿಸಿದರು.

"ಸಾಕು ಸಾರ್" ಎಂದ ತಿದ್ದಪ್ಪ.

"ಇನ್ನೊಂದು ಕೂದಲೆಳೆ ಇದೆ, ತಡೀರಿ."

ಆಗ ಮೆಟ್ಟಿಲಿಳಿದು ಬಂದವನು ಮೇಲಿನ ಮನೆಯ ಸಲೂನಿನವನು. ಅಂಗಡಿಗೆ ಹೊರಟಿದ್ದ. ಗಿಡವನ್ನು ಕಂಡು ಅವನ ಮುಖ ಹುಳ್ಳಗಾಯಿತು.

"ಅಣ್ಣಾ, ಯಾರು ಇದನ್ನ ಹೀಗೆ ಮಾಡಿದ್ದು? ನೆತ್ತಿ ಚಪ್ಪಟೆ, ಕಿವಿ ಪಕ್ಕ ಪೊದೆ. ಹೀಗೆ ಕೂದಲು ಬಿಟ್ಟು ಕಳಿಸಿದ್ರೆ ಗಿರಾಕಿ ಮತ್ತೆ ಬರ್ತಾನಾ?"

"ನಾವು ಮಟ್ಟಸವಾಗಿ ಮಾಡಿದೀವಿ" ಎಂದರು ಸರ್ವೇಯರು ಬಿಗಿಯಾಗಿ.

"ಮಟ್ಟಸ ಮಾಡೋಕೆ ಇದು ಸೈಟಾ ಸಾರ್?" ಎಂದು ಸಲೂನಿನವನು ಚೀಲದಿಂದ ಬಾಚಣಿಗೆಯನ್ನೂ ಕತ್ತರಿಯನ್ನೂ ತೆಗೆದ. "ಸೈಡು ಸಣ್ಣಗೆ, ಮೇಲೆ ಮೀಡಿಯಂ. ಐದು ನಿಮಿಷ. ಅಣ್ಣಾ, ನೀವು ಅಲ್ಲಾಡಬೇಡಿ." ತಿದ್ದಪ್ಪ ನಿಜಕ್ಕೂ ಅಲ್ಲಾಡಲಿಲ್ಲ. ಕತ್ತರಿ ಗಿಡದ ಮೇಲೆ ಆಡುತ್ತಿದ್ದರೂ ತಣ್ಣಗಾಗುತ್ತಿದ್ದುದು ಅವನ ಕತ್ತಿನ ಹಿಂಭಾಗ.

ಆಮೇಲೆ ನಡೆದದ್ದು ಕೋತಿ ಬೆಣ್ಣೆ ಹಂಚಿದ ಕತೆ. ಸಲೂನಿನವನು ದುಂಡಗೆ ಮಾಡಿದರೆ ಸರ್ವೇಯರು ರಸಮಟ್ಟ ಇಟ್ಟು ಸಮ ಮಾಡುವರು, ಸರ್ವೇಯರು ಸಮ ಮಾಡಿದರೆ ಸಲೂನಿನವನು ನಾಜೂಕು ಮಾಡುವನು. ನಡುನಡುವೆ ತಿದ್ದಪ್ಪ "ಇನ್ನು ಬಿಟ್ಟುಬಿಡೋಣ" ಎನ್ನುವನು, ಇಬ್ಬರೂ ಒಟ್ಟಿಗೆ "ನೀವು ಸುಮ್ನಿರಿ" ಎನ್ನುವರು. ಇಡೀ ಬೆಳಗ್ಗೆ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ. ಹೂಗಳು ನೆಲದ ಮೇಲೆ ರಾಶಿ ಬಿದ್ದವು. ಕೊನೆಗೆ ಗುಳ್ಳೆ ನಡುವೆ ನಿಂತಿತು. ಕುಂಡದಲ್ಲಿ ಗೇಣುದ್ದದ ನಾಲ್ಕಾರು ಬೋಳು ಕಡ್ಡಿಗಳು ಉಳಿದಿದ್ದವು.

"ಈಗ ನೋಡಿ" ಎಂದರು ಸರ್ವೇಯರು. ನೋಡಲು ಏನೂ ಇರಲಿಲ್ಲ.

ಆ ಹೊತ್ತಿಗೆ ಫೋನು ಬಡಿದುಕೊಂಡಿತು.

"ರೀ, ಬಸ್ಸು ಕಾಫಿಗೆ ನಿಂತಿದೆ. ಅಮ್ಮ ಮುಖ ತೊಳೆಯೋಕೆ ಹೋಗಿದ್ದಾರೆ. ಗಿಡ ಸವರಿದ್ರಾ?"

"ಸವರಿದ್ವಿ" ಎಂದ ತಿದ್ದಪ್ಪ.

"ಒದ್ದೆ ಬಟ್ಟೇಲಿ ಸವರಿಲ್ಲ ತಾನೇ? ಕಲೆ ನಿಲ್ಲುತ್ತೆ. ಒಣಗಿದ ಮೆತ್ತನೆ ಬಟ್ಟೆ ತಗೊಳ್ಳಿ. ಎಲೆ ಹಿಂದೇನೂ ಧೂಳು ಇರುತ್ತೆ, ಒಂದೊಂದೇ ಎಲೆ ಹಿಡಿದು ಸವರಿ. ಹೂ ಉದುರಿಸಬೇಡಿ ಮತ್ತೆ. ಅಮ್ಮನ ವಿಷಯ ನಿಮಗೆ ಗೊತ್ತಲ್ಲ."

ಹಿಡಿಯಲು ಎಲೆಯಿಲ್ಲ, ಉದುರಿಸಲು ಹೂವಿಲ್ಲ. ತಿದ್ದಪ್ಪ ಏನೋ ಹೇಳಬೇಕೆಂದು ಬಾಯಿ ತೆರೆದ, ಅಷ್ಟರಲ್ಲಿ ಅತ್ತ ಬಸ್ಸು ಹೊರಟು ಫೋನು ಕಟ್ಟಾಯಿತು. ತಿರುಗಿ ನೋಡಿದರೆ ಸಲೂನಿನವನು ಅಂಗಡಿಗೆ ಹೊತ್ತಾಯಿತೆಂದು ನಡೆದಿದ್ದ. ಸರ್ವೇಯರು ದಾರ ಸುತ್ತುತ್ತಿದ್ದರು.

"ಸಾರ್, ಅದು ಒರೆಸೋದಂತೆ" ಎಂದ ತಿದ್ದಪ್ಪ.

ಸರ್ವೇಯರು ದಾರದ ತುದಿಗೆ ಗಂಟು ಹಾಕಿ, "ಹಾಗಿದ್ರೆ ಒರೆಸಿ ಅನ್ನಬೇಕಿತ್ತು" ಎಂದರು. ಆಮೇಲೆ ಪಾಪ ಅನ್ನಿಸಿರಬೇಕು. "ಎದುರುಮನೆ ಲೈಬ್ರರಿ ಮೇಡಂ ಹತ್ರ ಇಂಥದೇ ಇದೆಯಲ್ರೀ, ಒಂದು ರಾತ್ರಿಗೆ ಕೇಳಿ" ಎಂದು ದಾರಿ ತೋರಿಸಿದರು.

ಇತ್ತು. ತಿದ್ದಪ್ಪನ ಗಿಡದ್ದೇ ಕಡ್ಡಿ ನೆಟ್ಟು ಬೆಳೆಸಿದ್ದು, ಅಷ್ಟೇ ಎತ್ತರ, ಅಷ್ಟೇ ದುಂಡು, ಅಂಥದೇ ಕುಂಡ. ಅವಳಿಜವಳಿ. ಆದರೆ ಲೈಬ್ರರಿ ಮೇಡಂ ಹತ್ತಿರ ಕೇಳುವುದು ಅಷ್ಟು ಹಗುರದ ಮಾತಲ್ಲ. ಎರವಲು ಕೊಟ್ಟ ಪುಸ್ತಕ ವಾಪಸು ಬಂದಾಗ ಮೂಸಿ ನೋಡಿ, "ಇದನ್ನ ಅಡುಗೆಮನೇಲಿ ಓದಿದ್ದೀರಿ" ಎನ್ನುವ ಹೆಂಗಸು. ತಿದ್ದಪ್ಪ ರಸ್ತೆ ದಾಟಿ, ಮರಳಿ ಬಂದು, ಮತ್ತೆ ದಾಟಿ, ಕೊನೆಗೆ ಬಾಗಿಲು ತಟ್ಟಿದ.

ಎಲ್ಲವನ್ನೂ ಕೇಳಿ ಅವರು ಕನ್ನಡಕ ಸರಿಮಾಡಿಕೊಂಡರು. "ನಾಳೆ ಬೆಳಗ್ಗೆ ನಮ್ಮ ಲೈಬ್ರರೀಲಿ ಮಕ್ಕಳ ಕೋಣೆ ತೆರೀತಾರೆ. ದೊಡ್ಡೋರೆಲ್ಲ ಬರ್ತಾರೆ. ಮೇಜಿನ ಮೇಲೆ ಇಡೋಕೆ ಅಂತ ಈ ಗಿಡಾನ ತಿಂಗಳಿಂದ ಕಾಪಾಡ್ಕೊಂಡು ಬಂದಿದೀನಿ."

"ಬೆಳಗಾಗೋ ಮೊದಲೇ ತಂದಿಡ್ತೀನಿ ಮೇಡಂ. ಅತ್ತೆ ಒಂದು ಸಲ ನೋಡಿದ್ರೆ ಸಾಕು. ನನ್ನ ಮಾನ ನಿಮ್ಮ ಕೈಲಿದೆ."

ಮೇಡಂ ಅವನ ಪ್ಯಾಂಟನ್ನು ನೋಡಿದರು. ಉಳಿದ ಪ್ಯಾಂಟುಗಳ ಕತೆ ಬೀದಿಗೆಲ್ಲ ಗೊತ್ತಿತ್ತು. ಮನಸ್ಸು ಕರಗಿತು. "ಕೊಂಡುಹೋದ ಹಾಗೇ ವಾಪಸು ಬರಬೇಕು. ಪುಸ್ತಕದ ಹಾಳೆ ಮಡಚೋ ಹಾಗೆ ಎಲೆ ಮಡಚಬೇಡಿ. ಒಂದು ಮೊಗ್ಗು ಕಮ್ಮಿಯಾದ್ರೂ ನನಗೆ ಗೊತ್ತಾಗುತ್ತೆ."

ಮಧ್ಯಾಹ್ನವೆಲ್ಲ ತಿದ್ದಪ್ಪ ಮಣ್ಣು ಅಗೆದ. ಬೋಳು ಕುಂಡವನ್ನು ಕಿತ್ತು ಸರ್ವೇಯರ ಗೋಡೆಯಾಚೆಗೆ ದಾಟಿಸಿದ. ಮೇಡಂ ಕುಂಡವನ್ನು ಆ ಗುಂಡಿಗೆ ಇಳಿಸಿ, ಕುತ್ತಿಗೆಯವರೆಗೆ ಮಣ್ಣು ಮುಚ್ಚಿದ. ಕತ್ತರಿಸಿ ಬಿದ್ದಿದ್ದ ರೆಂಬೆಗಳನ್ನು ಮುಳ್ಳು ಚುಚ್ಚಿಸಿಕೊಂಡು ಚೀಲಕ್ಕೆ ತುಂಬಿದ. ಆಮೇಲೆ ಒಣಗಿದ ಮೆತ್ತನೆ ಬಟ್ಟೆ ತಂದು, ಒಂದೊಂದೇ ಎಲೆ ಹಿಡಿದು, ಹಿಂದೆ ಮುಂದೆ ಸವರಿದ. ಯಾರಾದರೂ ಜೋರಾಗಿ ಕೆಮ್ಮಿದರೆ ಹೂ ಉದುರೀತೆಂದು ಬೀದಿಯಲ್ಲಿ ಹೋಗುವವರನ್ನೆಲ್ಲ ಹೆದರಿಕೊಂಡು ನೋಡಿದ. ಸಂಜೆಯ ಹೊತ್ತಿಗೆ ಗಿಡ ಪಳಪಳ ಎನ್ನುತ್ತಿತ್ತು. ತಿದ್ದಪ್ಪ ಬೆವರಿನಿಂದ ಪಳಪಳ ಎನ್ನುತ್ತಿದ್ದ.

ಗೇಟು ಕಿರ್ ಎಂದಿತು. ಮುಂದೆ ಅತ್ತೆ, ಹಿಂದೆ ಚೀಲ ಹೊತ್ತ ಹೆಂಡತಿ.

"ಅಬ್ಬಾ, ಎಷ್ಟು ಚೆನ್ನಾಗಿ ಸವರಿದ್ದೀರಿ" ಎಂದಳು ಹೆಂಡತಿ. ತಿದ್ದಪ್ಪನಿಗೆ ಬೆಳಗಿನಿಂದ ನಿಂತಿದ್ದ ಉಸಿರು ಹೊರಬಂತು.

ಅತ್ತೆ ಗಿಡದ ಸುತ್ತ ಒಂದು ಸುತ್ತು ಬಂದರು. ಬಗ್ಗಿದರು. ಎಲೆ ಸರಿಸಿ ಒಳಗೆ ನೋಡಿದರು. ಎದ್ದು ನಿಂತು, ದಾರ ಹಾಕದೆಯೇ ಹೊಲಿದು ತಂದ ವಿದ್ಯಾರ್ಥಿನಿಯನ್ನು ನೋಡುವಂತೆ ಅಳಿಯನನ್ನು ನೋಡಿದರು.

"ಎಲ್ಲಿ ಸವರಿದ್ದೀರಿ?"

"ಎಲ್ಲ ಎಲೇನೂ ಅತ್ತೆ. ಹಿಂದೇನೂ. ಒಣ ಬಟ್ಟೇಲಿ."

"ಬಟ್ಟೇಲಾ?" ಅತ್ತೆ ಮಗಳ ಕಡೆ ತಿರುಗಿದರು. "ನೀನು ಏನು ಹೇಳಿದೆ ಇವರಿಗೆ?"

"ನೀನೇ ಸವರೋಕೆ ಹೇಳು ಅಂದ್ಯಲ್ಲಮ್ಮ. ಒಣ ಬಟ್ಟೇಲಿ ಒರೆಸಿ ಅಂದೆ."

"ಒರೆಸೋಕೆ ಅದೇನು ಕಿಟಕಿಯಾ? ಗಿಡ ಸವರೋದು ಅಂದ್ರೆ ಕತ್ತರಿಸೋದು ಕಣೇ. ವರ್ಷಕ್ಕೊಂದು ಸಲ ಗೇಣುದ್ದ ಬಿಟ್ಟು ಮಿಕ್ಕಿದ್ದೆಲ್ಲ ತೆಗೀಬೇಕು. ಈ ಗಿಡಕ್ಕೆ ಇರೋ ಕೆಲಸಾನೇ ಅದೊಂದು. ಅದನ್ನೂ ಮಾಡಿಲ್ಲ." ಅವರು ಉಸಿರುಬಿಟ್ಟರು. "ಹೊಲಿಗೆ ಟೀಚರ ಮಗಳಿಗೆ ಕತ್ತರಿ ನೆನಪಾಗಲಿಲ್ಲ, ಒರೆಸೋ ಬಟ್ಟೆ ನೆನಪಾಯ್ತು."

ತಿದ್ದಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಾಗಾದರೆ ಬೆಳಗ್ಗೆ ಆದದ್ದೇ ಸರಿ. ಗೋಡೆಯಾಚೆ ಇರುವುದೇ ಅತ್ತೆ ಕೇಳಿದ ಗಿಡ. ಹೇಳಿಬಿಡಲೇ? ಹೇಳಿದರೆ, ಇದು ಯಾರದು ಎನ್ನುತ್ತಾರೆ. ಎರವಲು ತಂದು ನನ್ನನ್ನೇ ಏಮಾರಿಸಲು ನೋಡಿದಿರಾ ಎನ್ನುತ್ತಾರೆ.

ಅತ್ತೆಯ ಕಣ್ಣು ಅಷ್ಟರಲ್ಲಿ ಗೋಡೆಯಾಚೆ ಹೋಗಿತ್ತು. "ಅಲ್ಲಿ ನೋಡಿ. ಅದು ಸವರೋದು ಅಂದ್ರೆ. ಎಷ್ಟು ಸಮವಾಗಿ, ಎಷ್ಟು ನಾಜೂಕಾಗಿ. ಯಾರು ಮಾಡಿದ್ದು?"

ಸದ್ದು ಕೇಳಿ ಹೊರಬಂದ ಸರ್ವೇಯರಿಗೆ ತಿದ್ದಪ್ಪ ಕಣ್ಣಲ್ಲೇ ಬೇಡಿಕೊಂಡ. ಆದರೆ ಜೀವಮಾನದಲ್ಲಿ ಅವರ ಅಳತೆಯನ್ನು ಹೊಗಳಿದವರು ಅಷ್ಟರವರೆಗೆ ಯಾರೂ ಇರಲಿಲ್ಲ. "ನಾನೇ ಅಮ್ಮಾ. ರಸಮಟ್ಟ ಇಟ್ಟು ಮಾಡಿದ್ದು" ಎಂದರು.

"ನೋಡಿ ಕಲೀರಿ" ಎಂದು ಅತ್ತೆ ಅಳಿಯನಿಗೆ ಹೇಳಿ, ಕೈಚೀಲಕ್ಕೆ ಕೈಹಾಕಿದರು. ದಪ್ಪ ಬಟ್ಟೆ ಕತ್ತರಿಸುವ ಕರೀ ಕತ್ತರಿ ಹೊರಬಂತು. ಅದಿಲ್ಲದೆ ಅವರು ಹೊಸಿಲು ದಾಟಿದವರಲ್ಲ.

"ಅತ್ತೆ, ಬೇಡ. ಇಷ್ಟು ಹೂವಿದೆಯಲ್ಲ" ಎಂದ ತಿದ್ದಪ್ಪ.

"ಇದು ವರ್ಷವಿಡೀ ಬಿಡೋ ಜಾತಿ. ಹೂವು ಮುಗೀಲಿ ಅಂತ ಕಾದ್ರೆ ಯಾವತ್ತೂ ಸವರೋಕಾಗಲ್ಲ."

"ನಾಳೆ ಮಾಡೋಣ ಅತ್ತೆ. ನಾನೇ ಮಾಡ್ತೀನಿ. ನೀವು ಪ್ರಯಾಣ ಮಾಡಿ ದಣಿದಿದ್ದೀರಿ."

"ಕತ್ತರಿ ಹಿಡಿದ್ರೆ ನನಗೆ ದಣಿವೇ ಗೊತ್ತಾಗಲ್ಲ. ಪಕ್ಕಕ್ಕೆ ನಿಲ್ಲಿ."

"ಅತ್ತೆ, ಅದು..." ತಿದ್ದಪ್ಪ ಗಿಡಕ್ಕೆ ಅಡ್ಡ ಬಂದ. "ಅದು ನಮ್ಮದಲ್ಲ."

"ನಾನು ತಂದುಕೊಟ್ಟದ್ದು ಅಂತ ತಾನೇ? ಕೊಟ್ಟ ಮೇಲೆ ನಿಮ್ಮದೇ. ನನಗೆ ಅಂಥ ಭೇದ ಇಲ್ಲ" ಎಂದರು ಅತ್ತೆ, ಆ ದಿನದಲ್ಲಿ ಮೊದಲ ಸಲ ಮೆತ್ತಗಾಗಿ. ಮತ್ತು ಕತ್ತರಿ ಆಡಿಸಿದರು. ಕಚ್. ಒಂದು ಗೊಂಚಲು ತಿದ್ದಪ್ಪನ ಪಾದದ ಮೇಲೆ ಬಿತ್ತು. ಕಚ್, ಕಚ್. ಸರ್ವೇಯರೂ ಸಲೂನಿನವನೂ ಸೇರಿ ಇಡೀ ಬೆಳಗ್ಗೆ ಮಾಡಿದ ಕೆಲಸ ಅತ್ತೆಗೆ ರವಿಕೆಯ ಒಂದು ತೋಳು ಕತ್ತರಿಸುವಷ್ಟೂ ಹೊತ್ತು ಹಿಡಿಯಲಿಲ್ಲ.

ತಿದ್ದಪ್ಪ ತಲೆ ಎತ್ತಿದಾಗ ಗೇಟಿನಲ್ಲಿ ಲೈಬ್ರರಿ ಮೇಡಂ ನಿಂತಿದ್ದರು. ಕೈಯಲ್ಲಿ ಸಣ್ಣ ನೀರಿನ ತಂಬಿಗೆ ಇತ್ತು. ಗಿಡಕ್ಕೆ ಬಾಯಾರಿರಬಹುದು ಎಂದು ತಂದದ್ದು. ಅವರು ಒಮ್ಮೆ ಹೂವಿನ ರಾಶಿಯನ್ನೂ ಒಮ್ಮೆ ತಿದ್ದಪ್ಪನನ್ನೂ ನೋಡಿದರು. ಆಮೇಲೆ, ಬಲು ಮೆಲ್ಲಗೆ, "ನನ್ನ ಗಿಡ" ಎಂದರು.

ಮುಂದಿನದೆಲ್ಲ ತಾನಾಗಿ ಹೊರಬಿತ್ತು. ಮೇಡಂ ಅರ್ಧ ಹೇಳಿದರು, ಸರ್ವೇಯರು ತಮ್ಮ ಅಳತೆಯ ಕೀರ್ತಿ ಬಿಟ್ಟುಕೊಡದೆ ಉಳಿದರ್ಧ ಹೇಳಿದರು. ಹೆಂಡತಿ ಹಣೆಗೆ ಕೈಹಚ್ಚಿಕೊಂಡು ಮೆಟ್ಟಿಲ ಮೇಲೆ ಕೂತಳು. ತಿದ್ದಪ್ಪ ತಾನೊಂದು ಅಚ್ಚಿನ ತಪ್ಪಾಗಿ, ಯಾರಾದರೂ ತನ್ನನ್ನು ಹೊಡೆದುಹಾಕಿದರೆ ಸಾಕು ಎಂಬಂತೆ ನಿಂತಿದ್ದ.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು ಕತ್ತರಿಯನ್ನು ಸೆರಗಿಗೆ ಒರೆಸಿದರು. "ಅಮ್ಮಾ, ತಪ್ಪಾಯ್ತು" ಎಂದರು ಲೈಬ್ರರಿ ಮೇಡಂಗೆ. "ಈ ಹೂವನ್ನೆಲ್ಲ ನೀರಲ್ಲಿಟ್ಟು ನಾಳೆ ಮೇಜಿನ ಮೇಲಿಡಿ. ಗಿಡದ ಚಿಂತೆ ಬಿಡಿ, ಅದು ನನ್ನ ಜವಾಬ್ದಾರಿ. ನಿಮ್ಮದೂ ಚಿಗುರಬೇಕು, ಆ ಗೋಡೆಯಾಚೇದೂ ಚಿಗುರಬೇಕು. ಎರಡೂ ಮೊದಲಿನ ಹಾಗೆ ಹೂ ಬಿಡೋವರೆಗೂ ನಾನು ಈ ಮನೆ ಬಿಟ್ಟು ಕದಲಲ್ಲ."

ಮೇಡಂ ಮುಖ ಸ್ವಲ್ಪ ತಿಳಿಯಾಯಿತು. ಸರ್ವೇಯರು ತಲೆದೂಗಿದರು.

"ಅಲ್ಲೀವರೆಗೆ ಸುಮ್ನೆ ಕೂರೋಕಾಗುತ್ತಾ?" ಎಂದು ಅತ್ತೆ ಮಗಳ ಕಡೆ ತಿರುಗಿದರು. "ಮುಂದಿನ ಕೋಣೆ ಮೇಜಿನ ಮೇಲಿರೋ ಕಾಗದ ಎಲ್ಲ ತೆಗೆದು ಮೆಷಿನ್ನು ಇಡು."

ಆಮೇಲೆ ಅವರ ದೃಷ್ಟಿ ಬೋಳು ಗಿಡದಿಂದ ಮೆಲ್ಲಗೆ ಸರಿದು, ಪಾದದ ಮೇಲೆ ಬಿದ್ದಿದ್ದ ಗೊಂಚಲಿಗೆ ಬಂದು, ಅಲ್ಲಿಂದ ತಿದ್ದಪ್ಪನ ಪ್ಯಾಂಟಿನ ಅಂಚಿಗೆ ಏರಿ ನಿಂತಿತು.

"ಇದು ಹೇಗೆ ಉಳೀತು?" ಎಂದರು ಅತ್ತೆ. "ಇದನ್ನೂ ಸ್ವಲ್ಪ ಸವರಬೇಕು."

ಈ ಸಲ ತಿದ್ದಪ್ಪನಿಗೆ ನಿಘಂಟು ಬೇಕಾಗಲಿಲ್ಲ.